ಎಳಿ

ಸೀಗಿ ಹುಣ್ಣಿಮಿ ಹೋಗಿ ಮೂರು ದಿನ.
ಮಂಗಳವಾರ, ತುಳಜಪ್ಪನ ಅಂಗಡಿ ಬಂದ್,
ನನಗೂ ವಾರದ ರಜಾ.
ಭಾಲ್ಕಿ ಇನ್ನೂ ಕಣ್ಣು ಬಿಟ್ಟಿಲ್ಲ,
ಅಷ್ಟರಾಗ ಇಬ್ಬರೂ ಒಂದೇ ಲೂನಾದ ಮ್ಯಾಲ
ಕಾರಂಜಾ ಹಿನ್ನೀರಿನ ಕಡಿ.
ಹಿಂದ ಅಂವ, ಅವನ ಹೆಗಲಿಗೆ ಬಿದಿರು,
ಬಿದಿರಿನ ತುದಿಗೆ ಮಂಜು.

ದಾರಿ ಎರಡೂ ಬದಿಗೆ ತೊಗರಿ ಹೂ ಬಿಟ್ಟದ.
ಸೋಯಾ ಕೊಯ್ದ ಹೊಲ
ಈಗಷ್ಟೇ ಕುರ್ಚಿ ಇಳದ ಹುಡುಗನ ತಲಿ ಹಂಗ,
ಅಲ್ಲೊಂದೀಟು ಇಲ್ಲೊಂದೀಟು ಬಿಟ್ಟು.
‘ಯಾರ ಕೈಯಾಗ ಕೊಟ್ಟಿದ್ರೋ ಕತ್ರಿ’ ಅಂತಾನ ತುಳಜಪ್ಪ.
ನಾನು ಮ್ಯಾಲ ನೋಡ್ತೀನಿ:
ಯಾವ ಕಂಬ ವಾಲ್ಯಾದ,
ಯಾವ ತಂತಿಗೆ ಗೀಜಗ ಗೂಡು ಕಟ್ಯಾವ.
ಲೈನ್‌ಮನ್ ಚಟ, ಇಪ್ಪತ್ತಾರು ವರ್ಷದ್ದು.
ರಜಾ ಅಂದ್ರೂ ಕೇಳೂದಿಲ್ಲ.

ಕೆಂಪು ಬಂಡಿ ಮ್ಯಾಲ ಕುಂತು ಅಂವ ತಗಡಿನ ಡಬ್ಬಿ ತೆಗದ.
ಮಿಷನ್ ದವಾಖಾನಿಯ ದಾಕ್ತರೊಬ್ಬ,
ಎಲ್ಲೋ ಹಿಮದ ಗುಡ್ಡದ ಸೀಮಿಯಂವ,
ಇವನ ಅಜ್ಜನ ಹತ್ರ ವರ್ಷಗಟ್ಟಲೆ ಉದ್ರಿ ಕಟಿಂಗ್ ಮಾಡಿಸಿ
ಊರು ಬಿಡೂ ದಿನ ರೊಕ್ಕದ ಬದಲಿ ಕೊಟ್ಟು ಹ್ವಾದನಂತ:
ಎಂಟು ಗಾಳ, ಒಂದು ಚಿಮಟಾ,
ಕೂದಲಿನಿಂದ ಹುಳ ಕಟ್ಟೂ ವಿದ್ಯಾ.

ಎರೆಹುಳ ಬ್ಯಾಡ, ಹಿಟ್ಟಿನ ಉಂಡಿ ಬ್ಯಾಡ.
ಹುಂಜದ ಕುತ್ತಿಗಿಯ ಗರಿ,
ಹೊಲಿಗಿ ಮಿಷನ್ನಿನ ಕೆಂಪು ದಾರ,
ನಡುನಡುವ ಭಾಲ್ಕಿಯ ತಲಿಗಳು.
‘ಇದು ಪೋಸ್ಟ್ ಮಾಸ್ತರನ ಮೀಸಿ.
ಇದು ಮದಿಮಗನ ಮುಂಗೂದಲ, ಎಣ್ಣಿ ಭಾಳ, ಛಂದ ತೇಲ್ತದ.
ಇದು...’
ಬೆಳ್ಳಗಿತ್ತು. ಗಿಡ್ಡಗಿತ್ತು.
‘ನಿಂದೇ, ಮೈನೋದ್ದೀನ್. ಹೋದ ವಾರದ್ದು.’

ಕನ್ನಡಿ ಎದುರಿಗೆ ಕುಂತವಗ ಗೊತ್ತಾಗಿಲ್ಲ,
ಹಿಂದ ನಿಂತವಗ ಗೊತ್ತದ.

ಬಿದಿರು ಹಿಂದಕ್ಕ ಹೋತು.
‘ತಡಿ. ದಾರ ಹಿಂದ ಪೂರಾ ಬಿಚ್ಚಲಿ.
ಸಬೂರ್ ಇಲ್ಲದಂವ ತನ್ನ ಕಿವೀನೇ ಹಿಡೀತಾನ.’
ಒಂದು ಉಸಿರು ತಡದೆ. ಮುಂದಕ್ಕ ಬೀಸಿದೆ.
ಹುಳ ಇಳೀತು,
ನೀರಿಗೂ ಸುದ್ದಿ ಆಗಲಾರದಂಗ.

ಆಚಿ ದಂಡಿಗೆ ಮೂರು ಚಿಗರಿ ನೀರಿಗೆ ಬಂದು
ನಮ್ಮನ್ನ ನೋಡಿ, ಲೆಕ್ಕಕ್ಕ ಹಿಡೀಲಿಲ್ಲ.
ದೂರ ಎಲ್ಲೋ ರಾಶಿ ಮಿಷನ್ನಿನ ಗುರುಗುರು.
ಕಟಕ್ ರೊಟ್ಟಿ ಮುರದು ಶೇಂಗಾ ಹಿಂಡಿ ಹಚ್ಚಿ ತಿಂದ್ವಿ.
ಮನ್ಯಾಗ ಶಮೀಮ್ ಮಸಾಲಿ ಅರದು ಇಟ್ಟಿರ್ತಾಳ.
ಹನ್ನೊಂದು ಮಂಗಳವಾರ ಅರದಾಳ,
ಹನ್ನೊಂದು ಮಂಗಳವಾರ ಬದನಿಕಾಯಿಗೆ ಹಾಕ್ಯಾಳ.
ತುಳಜಪ್ಪ ಹಿಡೀತಾನ, ಬಿಡ್ತಾನ.
ಕೊರಳಾಗ ಲಿಂಗ ಅದ, ಮೀನು ತಿನ್ನಾಂವಲ್ಲ.
ನನಗ ಇಲ್ಲೀತನ ಒಂದೂ ಬಿದ್ದಿಲ್ಲ.

ಆಮ್ಯಾಲ ದಾರ ಝುಮ್ ಅಂತು.
‘ಲೈನ್ ಚಾಲೂ!’ ಅಂತ ಒದರಿದೆ.
ಈ ಮಾತಿಗೆ ಕಂಬದಿಂದ ಜಿಗದಾಂವ ನಾನು,
ಈ ಮಾತಿಗೆ ಒಬ್ಬ ಗೆಳೆಯನ ಮಣ್ಣಿಗೆ ಹೋಗಿ ಬಂದಾಂವ.
ಚಾಲೂ ತಂತಿ ಕೈಯಾಗ ಹಿಡದು ನಕ್ಕದ್ದು
ಇದೇ ಮೊದಲು.

ಎರಡು ಕಿಲೋದ ಮರಲ್.
ತುಳಜಪ್ಪ ಕೈ ತೋಯಿಸಿ ಅದರ ಗಲ್ಲ ಹಿಡದ,
ದಾಡಿ ಮಾಡಾಂವ ಹಿಡದಂಗ,
ಚಿಮಟಾದಿಂದ ಗಾಳ ಬಿಡಿಸಿದ. ಒಂದು ಹನಿ ರಕ್ತ ಇಲ್ಲ.
‘ಹಿಡದಾಂವ ನೀನು. ನಿನ್ನ ಮರ್ಜಿ.’

ನಾನು ನೀರು ನೋಡಿದೆ.
ಹನ್ನೊಂದು ಬದನಿಕಾಯಿ ನೆನಪಾದವು.

ಹೊಳ್ಳಿ ಬರೂಮುಂದ ಹಸಿ ಗೋಣಿಚೀಲ
ಅವನ ತೊಡಿ ಮ್ಯಾಲೇ ಇತ್ತು.
ಮೂಗು ಮುಚ್ಚಲಿಲ್ಲ, ಮಾತೂ ಆಡಲಿಲ್ಲ.
ಉಬ್ಬು ಬಂದಲ್ಲೆಲ್ಲ ಎರಡೂ ಕೈಲೆ ಒತ್ತಿ ಹಿಡದ.
ನಮ್ಮ ಓಣಿ ಬಾಯಿಗೆ ಇಳದು ಚೀಲ ಕೊಟ್ಟ,
ಅಂಗಿ ಕಿಸೆದಾಗಿನ ಹುಳ ತೆಗದ.
ತೋಯ್ದು ಮುದ್ದಿ ಆಗಿತ್ತು ನನ್ನ ಕೂದಲ.
ಹೆಬ್ಬಟ್ಟಿಲೆ ಸವರಿ, ಊದಿ, ಒಂದೊಂದೇ ಎಳಿ ನೆಟ್ಟಗ ಮಾಡಿ
ಬಿಸಲಿಗೆ ಹಿಡದು ನೋಡಿದ.

‘ಇನ್ನೊಂದು ಸಲಕ್ಕ ನಡೀತದ’ ಅಂದ.